ದನಿ ಸಾಯುವ ದಿಕ್ಕು

ತನ್ನನ್ನು ಹಿಡಿಯಲು ಬರುವವರಿಗೆ ತಾನೇ ಎಷ್ಟು ಹೋಳು ಟೆಂಪೆ, ಆ ಸೋಯಾ ಕಾಳಿನ ಬಿಲ್ಲೆ, ಕರಿಯಬೇಕು ಎಂಬುದು ಮುರ್ನಿಗೆ ಬಗೆಹರಿಯಲಿಲ್ಲ. ಆರು ಜನ ಎಂದು ಗಂಡ ವರ್ಸಿತೊ ಬೆಳಿಗ್ಗೆ ಹೇಳಿದ್ದ. ಹೇಳಿ, ಹೊಸ್ತಿಲಾಚೆ ಒಂದು ಕಾಲಿಟ್ಟವನು ಮತ್ತೆ ತಿರುಗಿ, "ಕಾರ್ಸಾನ್ ಒಬ್ಬನೇ ಮೂರು ಜನರ ಸಮ, ಮುರ್, ನೋಡ್ಕೊಂಡು ಮಾಡು" ಎಂದು ನಕ್ಕಿದ್ದ. ಆ ನಗು ಇನ್ನೂ ಬಾಗಿಲ ಹತ್ತಿರವೇ ಎಲ್ಲೋ ಬಿದ್ದಿದೆ ಅನ್ನುವ ಹಾಗೆ ಅವಳು ಎರಡು ಸಲ ಅಡುಗೆಮನೆಯಿಂದ ಬಂದು ಹೊಸ್ತಿಲು ನೋಡಿ ಹೋದಳು. ಹೊರಗೆ ಭಾನುವಾರ. ಓಣಿಯಲ್ಲಿ ಯಾರದೋ ಹಕ್ಕಿಪಂಜರ ಬಿಸಿಲಿಗೆ ತೂಗುತ್ತಿತ್ತು, ಹೊಗೆಯಾಡುವ ಸ್ಲಾಮೆಟ್ ಬೆಟ್ಟದ ತಲೆ ಮೋಡದೊಳಗಿತ್ತು. ಹದಿನಾರು ವರ್ಷದಲ್ಲಿ ಗಂಡ ಹೊಸ್ತಿಲಿಂದ ತಿರುಗಿ ಎರಡನೆಯ ಮಾತು ಆಡಿದ್ದು ಅವಳಿಗೆ ನೆನಪಿಲ್ಲ. ಈಗ ಒಂದು ತಿಂಗಳಿಂದ ಆಡುತ್ತಿದ್ದಾನೆ. ಒಂದು ತಿಂಗಳಿಂದ, ಅಂದರೆ ಹಿಂದಿನ ಕೋಣೆಯ ಹಳೇ ರೇಡಿಯೋ ಸೆಟ್ಟಿನ ಮೈಕಿನ ಗುಂಡಿಯನ್ನು ಅವಳು ಮೊದಲ ಸಲ ಒತ್ತಿದ ದಿನದಿಂದ. ಒತ್ತಿದ್ದು ಯಾರೆಂದು ಅವನಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲೆಂದೇ ಇವತ್ತು ರೇಡಿಯೋ ಸಂಘದವರು ಮನೆಯಲ್ಲಿ ಸೇರುತ್ತಿದ್ದಾರೆ, ನರಿಬೇಟೆಗೆ, ಅಂದರೆ ಅಡಗಿದ ದನಿಯ ಜಾಗ ಪತ್ತೆ ಮಾಡುವುದಕ್ಕೆ. ಸಿಕ್ಕಿಬಿದ್ದರೆ ಅವನ ಮಾತು ನಿಲ್ಲುತ್ತದೆ. ಸಿಗದೆ ಹೋದರೆ, ಹುಡುಕುವವನು ಎಷ್ಟು ದಿನ ಅಂತ ಹುಡುಕಿಯಾನು, ಆಗಲೂ ನಿಲ್ಲುತ್ತದೆ. ಅವಳು ಹಿಟ್ಟಿಗೆ ಇನ್ನೊಂದು ಹಿಡಿ ಈರುಳ್ಳಿ ಸೊಪ್ಪು ಹೆಚ್ಚಿ ಹಾಕಿದಳು.

ಸೆಟ್ಟು ಅವನದೇ. ಲಾರಿ ಬ್ಯಾಟರಿಗಳಿಗೆ ಚಾರ್ಜು ಹಾಕುವ ತನ್ನ ಆಸಿಡ್ ವಾಸನೆಯ ಅಂಗಡಿಗೆ ಹೊಸದೊಂದು ತಂದ ಮೇಲೆ ಇದನ್ನು ಮನೆಯಲ್ಲೇ, ಇಸ್ತ್ರಿ ಮೇಜಿನ ಪಕ್ಕ, ಬಿಟ್ಟಿದ್ದ. "ಬೇಜಾರಾದ್ರೆ ಹಾಕ್ಕೊಂಡು ಕೇಳು. ಗುಂಡಿ ಮಾತ್ರ ಒತ್ಬೇಡ, ನಿಂಗೆ ಅದೆಲ್ಲ ಬರಲ್ಲ" ಎಂದಿದ್ದ. ಬೈದದ್ದಲ್ಲ, ಬಿಸಿ ಪಾತ್ರೆ ಮುಟ್ಟಬೇಡ ಅನ್ನುವ ಹಾಗೆ ಹೇಳಿದ್ದು. ಅವಳು ಇಸ್ತ್ರಿ ಮಾಡುತ್ತ ಕೇಳಿದಳು, ಅಕ್ಕಿ ಆರಿಸುತ್ತ ಕೇಳಿದಳು. ಹದಿನೈದನೆಯ ಚಾನೆಲ್ಲಿನಲ್ಲಿ ಇಡೀ ಪುರ್ವೊಕರ್ತೊ ಜಗಲಿಗೆ ಬಂದು ಕೂತಂತಿತ್ತು. ಅಲ್ಲಿ ಯಾರೂ ಸ್ವಂತ ಹೆಸರು ಹೇಳುವುದಿಲ್ಲ, ಎಲ್ಲರಿಗೂ ಒಂದೊಂದು ಗಾಳಿಯ ಹೆಸರು. ಜೊತೆಗೆ ಮರ್ಯಾದೆಗೆ ಗಂಡಸಿಗೆ ಮಾಸ್, ಹಿರಿಯರಿಗೆ ಪಾಕ್, ಹೆಂಗಸಿಗೆ ಮ್ಬಾಕ್, ವಯಸ್ಸಾದಾಕೆಗೆ ಬು, ಮನೆ ಬೀದಿಗಳಲ್ಲಿ ಅನ್ನುವ ಹಾಗೇ. ಒಬ್ಬರು ಮಾತು ಮುಗಿಸಿ 'ಗಂತಿ' ಎಂದು ಸರದಿ ಬಿಟ್ಟುಕೊಡುತ್ತಾರೆ. ಇನ್ನೊಬ್ಬರು ಗುಂಡಿ ಒತ್ತುವ ಮುಂಚೆ ಒಂದು ಉಸಿರಿನಷ್ಟು ಬಿಡುವು ಇರುತ್ತದೆ. ಹೊಸಬರು ಬರುವುದಾದರೆ ಆ ಬಿಡುವಿನಲ್ಲಿ 'ಬ್ರೇಕ್' ಎಂದು ಬಾಗಿಲು ತಟ್ಟಿ, ಒಳಗೆ ಕರೆಯುವ ತನಕ ಕಾಯಬೇಕು. ಈ ರಿವಾಜು ಅವಳಿಗೆ ತುಂಬ ಹಿಡಿಸಿತು. ತನ್ನ ಮನೆಯಲ್ಲಿ ಬಿಡುವೇ ಬಿಡುವು, ಗಂತಿ ಅನ್ನುವವರೇ ಇಲ್ಲ ಎಂದು ಯೋಚಿಸಿ, ಯೋಚಿಸಿದ್ದಕ್ಕೆ ನಾಚಿ, ಅಂಗಿಯ ಕಾಲರನ್ನು ಇನ್ನೊಂದು ಸಲ ಒತ್ತಿದಳು. ಇಬ್ಬರ ಮಾತು ಉದ್ದವಾದರೆ, ಉಳಿದವರಿಗೆ ತೊಂದರೆ ಬೇಡ ಎಂದು, "ಮೂಲೆಗೆ ಹೋಗೋಣ್ವಾ?" ಎಂದು ಕೇಳಿಕೊಂಡು ಯಾವುದಾದರೂ ಖಾಲಿ ಚಾನೆಲ್ಲಿಗೆ ಸರಿಯುತ್ತಾರೆ. ಮೂಲೆಗೆ ಹೋದವರ ಹಿಂದೆ ಯಾರೂ ಹೋಗಬಾರದು. ಗಾಳಿಗೆ ಗೋಡೆಯಿಲ್ಲ, ಹೋದರೆ ತಡೆಯುವವರಿಲ್ಲ. ಹೋಗುವುದಿಲ್ಲ, ಅಷ್ಟೇ. ಮುರ್ನಿ ಹೋದಳು. ಕೆಲಾನಾ ಮತ್ತು ಚೆಂಪಾಕ ಎಂಬ ಹೆಂಗಸು ಮೂವತ್ತೊಂದನೆಯ ಚಾನೆಲ್ಲಿನ ಮೂಲೆಗೆ ಸರಿದಾಗ, ತಿರುಗುಗುಂಡಿಯನ್ನು ಒಂದೊಂದೇ ಹಲ್ಲು ತಿರುಗಿಸುತ್ತ, ಯಾರೋ ನೋಡುತ್ತಿದ್ದಾರೆ ಅನ್ನುವ ಹಾಗೆ ಬಾಗಿಲ ಕಡೆ ಬೆನ್ನು ಮಾಡಿಕೊಂಡು, ಹಿಂದೆ ಹೋದಳು. ಕೆಲಾನಾ ಅಂದರೆ ಅಲೆಮಾರಿ. ಪಕ್ಕದೂರು ಸೊಕರಾಜದಾಚೆಗೆ ಎಂದೂ ಕಾಲಿಡದ ಅವಳ ಗಂಡನ ಗಾಳಿಯ ಹೆಸರು.

ಆ ದನಿಗೆ ಅವಳು ಎಂದೂ ಊಟ ಬಡಿಸಿರಲಿಲ್ಲ. ಬೆಳಗಿನ ಐದಕ್ಕೆ ಅಂಗಡಿಯ ಶಟರ್ ಎತ್ತುವಾಗ ಬೆಟ್ಟದ ಬಾಯಿಂದ ಹೊಗೆಯ ಒಂದೇ ಎಳೆ ಎದ್ದು ನಿಂತಿತ್ತಂತೆ, ಯಾರೋ ಬರೆಯಲು ಶುರು ಮಾಡಿ ಮನಸ್ಸು ಬದಲಾಯಿಸಿದ ಹಾಗೆ. ಚಿಕ್ಕಂದಿನಲ್ಲಿ ಬಾವಿಯೊಳಗೆ ಕೂಗಿದರೆ ವಾಪಸ್ಸು ಬರುವ ದನಿ ತನ್ನದಲ್ಲ, ಒಳಗಿರುವ ಇನ್ನೊಬ್ಬ ಹುಡುಗನದು ಎಂದು ನಂಬಿ ಅವನಿಗೆಂದು ಬಾಳೆಹಣ್ಣು ಎಸೆದು ಬರುತ್ತಿದ್ದನಂತೆ. ಇದೆಲ್ಲ ಇತ್ತೇ? ದಿನಾ ಪಕ್ಕದಲ್ಲಿ ಮಲಗುವ ಆ ಮೈಯೊಳಗೇ ಇತ್ತೇ? ಮುರ್ನಿ ತನ್ನೊಳಗೆ ಹೊಟ್ಟೆಕಿಚ್ಚಿಗಾಗಿ ಹುಡುಕಿದಳು, ಬೀಗದ ಕೈ ಹುಡುಕುವ ಹಾಗೆ, ಸಿಗಲಿಲ್ಲ. ಸಿಕ್ಕಿದ್ದು ಬರೀ ಹಸಿವು. ಚೆಂಪಾಕಳ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗದು, ಆಕೆ ಹೇಳಿಕೊಳ್ಳುತ್ತಿದ್ದುದು ಲಕ್ವ ಹೊಡೆದು ಮಲಗಿದ ತನ್ನ ಯಜಮಾನರ ಬಗ್ಗೆ. ನಿನ್ನೆ ಬಲಗೈಯ ಎರಡು ಬೆರಳು ಆಡಿದವು, ಆದರೆ ನನ್ನನ್ನು ನೋಡಿ ಯಾರಮ್ಮ ನೀನು ಅಂದರು, ಇದನ್ನ ಯಾರಿಗೂ ಹೇಳ್ಬೇಡಿ ಮಾಸ್, ನಮ್ಮ ಶಾಲೆಯಲ್ಲೂ ಯಾರಿಗೂ ಗೊತ್ತಿಲ್ಲ ಎಂದು ಆಕೆ ಹೇಳಿದ್ದಳು. ಅವನು ಯಾರಿಗೂ ಹೇಳಲಿಲ್ಲ. ಮನೆಗೆ ಬಂದು ಸೂಪು ಕುಡಿದು ಮಲಗಿದ. ಮೂಲೆಯಲ್ಲಿ ಇಬ್ಬರ ನಡುವೆ ಇದ್ದುದೆಲ್ಲ ಇಷ್ಟೇ, ಸಂಜೆಯ ಅರ್ಧ ಗಂಟೆ. ಆಮೇಲೆ ಒಂದು ದಿನ ಚೆಂಪಾಕ ಕೇಳಿದಳು: "ನಿಮ್ಮ ಮನೇಲಿ ಮ್ಬಾಕ್ ಇದಾರಲ್ಲ, ಅವರ ಹತ್ರಾನೂ ಹೀಗೇ ಮಾತಾಡ್ತೀರಾ ಮಾಸ್?" ಮುರ್ನಿಯ ಕೈಯಲ್ಲಿ ಇಸ್ತ್ರಿ ನಿಂತಿತು. ಕೆಲಾನಾ ಹೇಳಿದ: "ಒಳ್ಳೇವಳು ಬು, ತುಂಬ ಒಳ್ಳೇವಳು. ಆದ್ರೆ ಅವಳಿಗೆ ಮಾತು ಅಂದ್ರೆ ಅಷ್ಟಕ್ಕಷ್ಟೆ. ಅವಳ ಹತ್ರ ಹೇಳೋದೂ ಒಂದೇ, ಕಪಾಟಿನ ಹತ್ರ ಹೇಳೋದೂ ಒಂದೇ. ಗಂತಿ." ಆಮೇಲೆ ಆ ಬಿಡುವು ಬಂತು. ಒಂದು ಉಸಿರಿನಷ್ಟು. ಅವಳ ಹೆಬ್ಬೆರಳು ಅವಳನ್ನು ಕೇಳದೆ ಗುಂಡಿಯ ಮೇಲೆ ಹೋಯಿತು. ಬಾಯಿ ತೆರೆದಳು. ಬಂದದ್ದು ಉಸಿರೊಂದೇ. ಬಿಟ್ಟಳು. "ಯಾರೋ ಇದಾರೆ ಇಲ್ಲಿ" ಎಂದಿತು ಚೆಂಪಾಕಳ ದನಿ, ಮೆಲ್ಲಗೆ, ಕತ್ತಲೆಯಲ್ಲಿ ದೀಪ ಹುಡುಕುವವರ ಹಾಗೆ. ಮೂಗಿಗೆ ಸುಟ್ಟ ವಾಸನೆ ಬಡಿದಾಗಲೇ ಅವಳು ಕೆಳಗೆ ನೋಡಿದ್ದು. ವರ್ಸಿತೊನ ನೀಲಿ ಅಂಗಿಯ ಬೆನ್ನಿನಲ್ಲಿ ಕಂದು ಬಣ್ಣದ ಒಂದು ದೋಣಿ ಮೂಡಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತವನು ತಟ್ಟೆ ಮುಟ್ಟದೆ ಹೇಳಿದ. "ಮುರ್, ಇವತ್ತು ಏನಾಯ್ತು ಗೊತ್ತಾ? ಮೂಲೇಲಿ ಯಾರೋ ಇದ್ರು. ಸುಮ್ನೆ ಉಸಿರಾಡಿ ಹೋದ್ರು. ಸೆಟ್ಟಿನ ಮುಳ್ಳು ಕೊನೇ ತನಕ ಹೋಯ್ತು ಕಣೇ, ಅಂದ್ರೆ ನಮ್ಮ ಪೇಟೆಯೋರೇ, ತೀರ ಹತ್ರದೋರು." ಅವಳು "ಹೌದಾ?" ಎಂದಳು. ಅವನು ಅವಳನ್ನು ನೋಡಿಕೊಂಡೇ ಮಾತಾಡುತ್ತಿದ್ದ. ಕೆಲಾನಾನ ದನಿಯಲ್ಲ, ಆದರೆ ಅದರ ತಮ್ಮನಿರಬಹುದು. ಇನ್ನೊಂದು ವಾರಕ್ಕೆ ಅವಳು ಮತ್ತೆ ಒತ್ತಿದಳು. ಈ ಸಲ ಹೆಬ್ಬೆರಳು ಅವಳನ್ನು ಕೇಳಿತ್ತು. ಅವತ್ತೂ ಅವನು ಮಾತಾಡಿದ. ಮೂರನೆಯ ಸಲದ ಹೊತ್ತಿಗೆ ಸಂಘದಲ್ಲೆಲ್ಲ ಸುದ್ದಿಯಾಗಿ, ಕಾರ್ಸಾನ್ ಅದಕ್ಕೆ 'ಉಸಿರಮ್ಮ' ಎಂದು ಹೆಸರಿಟ್ಟ. ಅವಳಿಗೆ ಗಾಳಿಯಲ್ಲಿ ಒಂದು ಹೆಸರು ಬಂದದ್ದು ಹೀಗೆ. ವರ್ಸಿತೊ ಅವಳ ದುಂಡು ಮೊರದ ಹೆಣಿಗೆ ಬಿಚ್ಚಿ, ಬಿದಿರಿನ ಅಂಚನ್ನಷ್ಟೇ ಉಳಿಸಿಕೊಂಡು, ಅದಕ್ಕೆ ತಾಮ್ರದ ತಂತಿ ಸುತ್ತಿ ದಿಕ್ಕು ಹಿಡಿಯುವ ಬಳೆ ಮಾಡಿದ. ತಂತಿ ಸುತ್ತುವಾಗ ಅವಳೇ ಬಳೆ ಹಿಡಿದುಕೊಂಡು ಎದುರು ಕೂತಿದ್ದಳು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. "ಎಲ್ಲರೂ ಏನಂದ್ಕೋತಾರೆ ಅಂದ್ರೆ, ದನಿ ಎಲ್ಲಿ ಜೋರಾಗಿ ಬರುತ್ತೋ ಆ ಕಡೆ ಹೋದ್ರೆ ಸಿಕ್ತಾರೆ ಅಂತ. ತಪ್ಪು," ಎಂದ. "ಜೋರು ಸುತ್ತಮುತ್ತ ಎಲ್ಲ ಕಡೆನೂ ಬರುತ್ತೆ. ಈ ಬಳೆ ತಿರುಗಿಸ್ತಾ ಹೋಗ್ಬೇಕು, ಯಾವ ಕಡೆ ಮುಖ ಮಾಡಿದಾಗ ದನಿ ಸತ್ತೇ ಹೋಗುತ್ತೋ ಅಲ್ಲಿ ಇರ್ತಾರೆ." ಇಷ್ಟು ಹೇಳಿ ಅವನು ಬಳೆಯೊಳಗಿಂದ ಅವಳ ಮುಖ ನೋಡಿದ. ಗೊತ್ತಾಯಿತೇ? ಇಲ್ಲ, ಸುತ್ತು ಸರಿಯಾಗಿದೆಯೇ ಎಂದು ನೋಡಿದ್ದು. ಅವಳಿಗೆ ಎದೆ ಹೊಡೆದುಕೊಂಡದ್ದು ಹೆದರಿಕೆಗೋ, ಅವನು ನೋಡಿಬಿಡಲಿ ಎಂದೋ ತಿಳಿಯಲಿಲ್ಲ.

ಎರಡು ಗಂಟೆಗೆ ಮೋಟಾರ್ ಸೈಕಲ್ಲುಗಳು ಓಣಿ ತುಂಬಿದವು. ಕಾರ್ಸಾನ್ ಬಾಗಿಲಿಂದಲೇ ಮೂಗು ಅರಳಿಸಿದ. ಅವನ ಗಾಳಿಯ ಹೆಸರು ಕಪ್ಪೆ, ಕೊರಳೂ ಹಾಗೇ.

"ಮ್ಬಾಕ್ ಮುರ್ನಿ, ನಿಮ್ಮ ಮನೆ ವಾಸನೆಗೆ ಬಳೆ ಬೇಕಾಗಿಲ್ಲ, ನಾನು ಕಣ್ಮುಚ್ಕೊಂಡು ಬಂದೆ!"

"ಕಣ್ಮುಚ್ಕೊಂಡು ಬಂದಿದ್ದಕ್ಕೇ ನನ್ನ ಚಪ್ಪಲಿ ಮೇಲೆ ಗಾಡಿ ನಿಲ್ಸಿದೀಯ," ಎಂದರು ಪಾಕ್ ದಿರ್ಜೊ. ಸಂಘದ ಅಧ್ಯಕ್ಷರು, ನಿವೃತ್ತ ಸ್ಟೇಷನ್ ಮಾಸ್ತರರು. ಭಾನುವಾರವೂ ಅಂಗಿಯ ಗುಂಡಿಯನ್ನು ಕೊರಳ ತನಕ ಹಾಕುವವರು.

"ಪಾಕ್, ಸಿಕ್ಕಿದ್ಮೇಲೆ ಉಸಿರಮ್ಮನಿಗೆ ಏನ್ ಶಿಕ್ಷೆ?"

"ಶಿಕ್ಷೆ ಗಿಕ್ಷೆ ಏನಿಲ್ಲ. ಮೂಲೆಗೆ ಹೋದೋರ ಹಿಂದೆ ಹೋಗ್ಬಾರದು ಅಂತ ಎಲ್ಲರ ಮುಂದೆ ಹೇಳೋದು, ಅಷ್ಟೆ."

"ಅದಕ್ಕಿಂತ ಜೈಲೇ ವಾಸಿ," ಎಂದ ಕಾರ್ಸಾನ್, ಎರಡು ಹೋಳನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡು. "ನಂಗನ್ಸೋದು, ಯಾರೋ ಗಂಡ ಬಿಟ್ಟೋಳು. ಇಲ್ಲಾ ದೆವ್ವ. ನಮ್ಮ ಅಲೆಮಾರಿಯ ಮೇಲೆ ಮನಸ್ಸಾಗಿದೆ. ಮ್ಬಾಕ್, ನಿಮ್ಮ ಯಜಮಾನ್ರನ್ನ ಕಟ್ಟಿ ಹಾಕ್ಕೊಳಿ!"

ಎಲ್ಲರೂ ನಕ್ಕರು. ವರ್ಸಿತೊನೂ ನಕ್ಕು, ಅವಳ ಕೈಯಿಂದ ಟೀ ತಟ್ಟೆ ತೆಗೆದುಕೊಳ್ಳುತ್ತ, "ದೆವ್ವಾನೇ ಇರ್ಲಿ ಮಾರಾಯಾ, ನನ್ನ ಮಾತು ಕೇಳೋಕೆ ಅಷ್ಟು ದೂರದಿಂದ ಬರುತ್ತಲ್ಲ" ಎಂದ. ಮುರ್ನಿಯ ಕಿವಿ ಬೆಚ್ಚಗಾಯಿತು. ಅವಳು ಒಳಗೆ ಓಡಿ ಬಾಣಲೆಗೆ ಮುಖ ಕೊಟ್ಟು ನಿಂತಳು, ಕೆಂಪಾದದ್ದು ಬೆಂಕಿಗೆ ಎಂದು ಯಾರಾದರೂ ಅಂದುಕೊಳ್ಳಲಿ.

ಅಡುಗೆಮನೆಗೆ ಬಂದದ್ದು ಚೆಂಪಾಕ. ಹಾಗೆಂದು ಮುರ್ನಿಗೆ ಗೊತ್ತಾದದ್ದು ಆಕೆ ಬಾಯಿ ಬಿಟ್ಟ ಮೇಲೆ. ದುಂಡಗಿನ ಹೆಂಗಸು, ಐವತ್ತು ದಾಟಿರಬೇಕು, ಕಂದು ಬಣ್ಣದ ಮೇಷ್ಟ್ರ ಚೀಲ, ಒಂದು ಕಾಲು ಸ್ವಲ್ಪ ಊದಿಕೊಂಡಿದೆ. ಆ ಮೈಯಿಂದ ಹತ್ತೊಂಬತ್ತರ ಹುಡುಗಿಯ ದನಿ ಬಂತು. "ಬು ರತ್ಮಿ ಅಂತ, ಮೇಲೂರಿನ ಶಾಲೇಲಿ ಟೀಚರ್ರು. ಅವರ ಮಧ್ಯ ಕೂತ್ರೆ ಹೊಗೆ ಕಣಮ್ಮ, ಇಲ್ಲೇ ನಿಂತ್ಕೋತೀನಿ." ಹೇಳಿ, ಕೇಳದೆಯೇ ಚಾಕು ಎಳೆದುಕೊಂಡು ಹಸಿಮೆಣಸು ಹೆಚ್ಚತೊಡಗಿದಳು. ಮುರ್ನಿ ಆ ಕೈಗಳನ್ನೇ ನೋಡಿದಳು. ತಾನು ತಿಂಗಳುಗಟ್ಟಲೆ ಕದ್ದು ಕೇಳಿದ ದನಿಯ ಹೆಂಗಸು ತನ್ನ ಹಲಗೆಯ ಮೇಲೆ ತನ್ನ ಮೆಣಸು ಹೆಚ್ಚುತ್ತಿದ್ದಾಳೆ. ಹೆಬ್ಬೆರಳ ಉಗುರಿನಲ್ಲಿ ಸೀಮೆಸುಣ್ಣ. ಆಕೆಯ ಯಜಮಾನರ ಬೆನ್ನಿನ ಹುಣ್ಣಿಗೆ ಏನು ಹಚ್ಚುತ್ತಾಳೆ, ರಾತ್ರಿ ಎಷ್ಟು ಸಲ ಏಳುತ್ತಾಳೆ, ಹೋದ ಬುಧವಾರ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಯಾಕೆ ಅತ್ತಳು, ಎಲ್ಲ ಗೊತ್ತು. ಇಷ್ಟೆಲ್ಲ ಗೊತ್ತಿರುವವಳ ಎದುರು ಹೀಗೆ ಸಲೀಸಾಗಿ ನಿಲ್ಲಬಾರದು ಎಂದು ಆಕೆಗೆ ಹೇಳಿಬಿಡೋಣ ಅನಿಸಿತು. "ನಿಮ್ಮೋರು ಗಾಳೀಲಿ ಏನ್ ಮಾತಾಡ್ತಾರಮ್ಮಾ! ಮನೇಲಿ ನಿಮಗೆ ಕಿವಿ ತೂತು ಬೀಳುತ್ತೇನೋ" ಎಂದು ರತ್ಮಿ ನಕ್ಕಳು. "ಹ್ಞೂಂ ಬು, ಒಂದೊಂದ್ಸಲ ಸಾಕಪ್ಪಾ ಅನ್ಸುತ್ತೆ" ಎಂದಳು ಮುರ್ನಿ. ಸುಳ್ಳು ಇಷ್ಟು ರುಚಿಯಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎಲ್ಲ ಹೆಂಡಂದಿರ ಹಾಗೆ ದೂರು ಹೇಳಿ, ಎಲ್ಲ ಹೆಂಗಸರ ಹಾಗೆ ನಕ್ಕು, ಆ ಸುಖದಲ್ಲೇ, ಸೌಟಿನಿಂದ ಎಣ್ಣೆ ಬಸಿಯುತ್ತ, ಮುಂದಿನದು ಬಾಯಿಂದ ಜಾರಿತು: "ಈಗ ಹೇಗಿದಾರೆ ಅವರು? ಬಲಗೈ ಪೂರ್ತಿ ಆಡುತ್ತಾ?"

ಚಾಕುವಿನ ಸದ್ದು ನಿಂತಿತು.

"ಬಲಗೈ ಅಂತ ಯಾರು ಹೇಳಿದ್ರು?"

"ಮಾಸ್... ನಮ್ಮ ಮಾಸ್ ಹೇಳಿದ್ರು," ಎಂದಳು ಮುರ್ನಿ.

ರತ್ಮಿ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡಳು, ನಿಧಾನವಾಗಿ, ಒಂದೊಂದೇ ಬೆರಳು. "ಓಹ್" ಎಂದಳು. ಆಮೇಲೆ ತುಂಬ ಮರ್ಯಾದೆಯಿಂದ, "ಸುಧಾರಿಸ್ತಿದೆ. ಥ್ಯಾಂಕ್ಸ್ ಅಮ್ಮ" ಎಂದು ಚೀಲ ಎತ್ತಿಕೊಂಡು ಹೊರಟಳು. ಹಜಾರದಲ್ಲಿ ವರ್ಸಿತೊ ಎದ್ದು ನಿಂತು, "ಬು, ನಾಲ್ಕೂವರೆಗೆ ನೀವು ಮನೆಯಿಂದ ಕರೀರಿ, ನಾನು ಮಾರುಕಟ್ಟೆ ಹತ್ರ ನಿಂತು ಉತ್ತರ ಕೊಡ್ತೀನಿ. ನಾವಿಬ್ರೂ ಮೂಲೇಲಿ ಇದ್ರೆ ಉಸಿರಮ್ಮ ಬಂದೇ ಬರ್ತಾಳೆ" ಎಂದಾಗ ಆಕೆ ಅವನ ಮುಖ ನೋಡಲಿಲ್ಲ. "ಆಗಲಿ ಮಾಸ್ ವರ್ಸಿತೊ" ಎಂದಳು. ಮಾಸ್ ಕೆಲಾನಾ ಅನ್ನಲಿಲ್ಲ. ಅವನು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತ, ಏನನ್ನೋ ಎಲ್ಲೋ ಮರೆತವನ ಹಾಗೆ, ಆಮೇಲೆ ಬಳೆಯನ್ನು ಹೆಗಲಿಗೆ ಹಾಕಿಕೊಂಡು ಉಳಿದವರ ಹಿಂದೆ ಹೋದ. ಮುರ್ನಿ ಕೆಲಸದ ಮೇಲೆ ಬಿದ್ದಳು. ಹನ್ನೊಂದು ಲೋಟ ತೊಳೆದಳು, ತೊಳೆದಿದ್ದನ್ನೇ ಮತ್ತೆ ತೊಳೆದಳು. ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಹೆಂಡತಿಗೆ ಹೇಳದೆ ಇದ್ದದ್ದನ್ನೇ ಇಷ್ಟು ದಿನ ಅವನ ತಪ್ಪು ಎಂದುಕೊಂಡಿದ್ದಳು. ಈಗ ನೋಡಿದರೆ ಅದೊಂದೇ ಅವನ ಹತ್ತಿರ ಇದ್ದ ಒಳ್ಳೆಯ ಆಸ್ತಿ. ಅದನ್ನು ಅವಳು ಒಂದು ಸೌಟು ಎಣ್ಣೆ ಬಸಿಯುವ ಹೊತ್ತಿನಲ್ಲಿ ಅವನಿಂದ ಕಿತ್ತುಕೊಂಡಿದ್ದಳು.

ನಾಲ್ಕೂವರೆಗೆ ಅವಳು ಹಿಂದಿನ ಕೋಣೆಯಲ್ಲಿ ಕೂತಿದ್ದಳು. ಒತ್ತುವುದಿಲ್ಲ ಎಂದುಕೊಂಡೇ ಕೂತದ್ದು. ಮಸೀದಿಯಿಂದ ಮಧ್ಯಾಹ್ನದ ನಮಾಜು ಮುಗಿಸಿದವರ ಚಪ್ಪಲಿ ಸದ್ದು ಓಣಿಯಲ್ಲಿ ಹಾದುಹೋಗಿ ತುಂಬ ಹೊತ್ತಾಗಿತ್ತು. ಮೂವತ್ತೊಂದರಲ್ಲಿ ಮೊದಲು ಬರೀ ಸುಂಯ್ ಎಂಬ ಸದ್ದು, ಆಮೇಲೆ ಆಕೆ: "ಕೆಲಾನಾ, ಚೆಂಪಾಕ ಕರೀತಿದೀನಿ. ಗಂತಿ." ಅವನು ಉತ್ಸಾಹದಿಂದ, ಬೇಟೆಗೆಂದು ಬೇಕಂತಲೇ ಉದ್ದ ಮಾಡಿ, ಮಾರುಕಟ್ಟೆಯಲ್ಲಿ ಯಾರೋ ಬಾತುಕೋಳಿಗಳನ್ನು ಸೈಕಲ್ಲಿಗೆ ತಲೆಕೆಳಗಾಗಿ ಕಟ್ಟಿಕೊಂಡು ಹೋಗುತ್ತಿದ್ದಾರೆ, ಒಂದು ಬಾತುಕೋಳಿ ಮಾತ್ರ ಕತ್ತೆತ್ತಿ ಊರನ್ನು ನೇರ ಮಾಡಿ ನೋಡುತ್ತಿದೆ ಎಂದ. ಮುರ್ನಿ ನಕ್ಕಳು, ಕೋಣೆಯಲ್ಲಿ ಒಬ್ಬಳೇ. ಚೆಂಪಾಕ ನಗಲಿಲ್ಲ. "ಹೌದಾ. ಗಂತಿ" ಎಂದಳು. ಬಿಡುವು ಉದ್ದವಾಯಿತು. "ಬು, ಏನಾದ್ರೂ ಆಯ್ತಾ? ಯಜಮಾನ್ರು ಹುಷಾರಾಗಿದಾರಾ? ಗಂತಿ." "ಅವರ ವಿಷಯ ಇಲ್ಲಿ ಬೇಡ ಮಾಸ್. ಎಲ್ಲೂ ಬೇಡ. ಇವತ್ತು ನಿಮ್ಮ ಬೇಟೆಗೆ ಅಂತ ಬಂದೆ, ಮಾತು ಕೊಟ್ಟಿದ್ದೆ ಅದಕ್ಕೆ. ಇನ್ಮೇಲೆ ಈ ಮೂಲೆಗೆ ಬರಲ್ಲ. ಗಂತಿ." ಅವನು ಗುಂಡಿ ಒತ್ತಿದ್ದು ಮುಳ್ಳಿನಲ್ಲಿ ಕಂಡಿತು. ಅವನ ಹಿಂದೆ ಮಾರುಕಟ್ಟೆ ಕೇಳಿಸುತ್ತಿತ್ತು, ಯಾರೋ ಮಂಜುಗಡ್ಡೆ ಒಡೆಯುತ್ತಿದ್ದರು. ಕೊನೆಗೆ "ನಾನೇನು ಮಾಡ್ದೆ ಬು?" ಎಂದ. ಅದು ಕೆಲಾನಾನ ದನಿಯಲ್ಲ. ಮನೆಯ ದನಿ. ಊಟಕ್ಕೆ ಕೂತು ತಟ್ಟೆ ನೋಡುವವನ ದನಿ, ಗಾಳಿಗೆ ಎಂದೂ ಬರದೆ ಇದ್ದದ್ದು. ಅವಳು ಅದನ್ನು ಕೇಳಿ ಹೆದರಿದಳು. ಕೆಲಾನಾನೂ ಹೋದರೆ, ಆ ಬಾತುಕೋಳಿಯನ್ನು ನೋಡಿದವನೂ ಹೋದರೆ, ಈ ಭೂಮಿಯ ಮೇಲೆ ಅವನು ಇನ್ನೆಲ್ಲೂ ಇಲ್ಲ. "ಗಂತಿ" ಎಂದ ಅವನು, ಮರೆತು ನೆನಪಿಸಿಕೊಂಡವನ ಹಾಗೆ.

"ಬ್ರೇಕ್," ಎಂದಳು ಮುರ್ನಿ.

ಕರೆಯುವ ತನಕ ಕಾಯಬೇಕು. ಬೆರಳು ಬಿಟ್ಟಳು. ಗಾಳಿಯೆಲ್ಲ ಕಿವಿಯಾಯಿತು. ಚೆಂಪಾಕ ಎಂದಳು, "ಬ್ರೇಕ್ ಅಂದೋರು ಬನ್ನಿ. ಗಂತಿ."

"ಬು, ಅವರು ಯಾರಿಗೂ ಹೇಳಿಲ್ಲ. ಕದ್ದು ಕೇಳಿಸ್ಕೊಂಡಿದ್ದು ನಾನು. ಇಷ್ಟು ದಿನಾನೂ ನಾನೇ. ಅವರದೇನೂ ತಪ್ಪಿಲ್ಲ." ಇಷ್ಟು ಹೇಳಿ ಗಂತಿ ಅನ್ನಬೇಕಿತ್ತು. ಅಂದರೆ ಬೆರಳು ಬಿಡಬೇಕು, ಬಿಟ್ಟರೆ ಉತ್ತರ ಬರುತ್ತದೆ. ಗುಂಡಿ ಒತ್ತಿರುವಷ್ಟು ಹೊತ್ತು ಸೆಟ್ಟಿಗೆ ಕಿವಿಯಿಲ್ಲ. ಊರೆಲ್ಲ ಬೈದರೂ ಕೇಳಿಸದು. ಅವಳು ಒತ್ತಿಯೇ ಹಿಡಿದಳು. ಮೈಕಿನ ತೂತುಗಳೊಳಗೆ ತನ್ನ ಉಸಿರು ಹೋಗುವುದನ್ನು ನೋಡುತ್ತ ಕೂತಳು. ಈಗ ನಾಲ್ಕು ಮೂಲೆಗಳಲ್ಲಿ ನಾಲ್ಕು ಬಳೆ ತಿರುಗುತ್ತಿರಬೇಕು, ಸುಣ್ಣದ ಬೀದಿಯಲ್ಲಿ, ಸೇತುವೆ ಮೇಲೆ, ಕಾಲೇಜಿನ ಗೇಟಿನಲ್ಲಿ, ಮಾರುಕಟ್ಟೆಯಲ್ಲಿ. ಮಾರುಕಟ್ಟೆಯ ಬಳೆ ತನ್ನ ಮೊರದ್ದು. ಅದರಲ್ಲಿ ಈ ಉಸಿರು ಬರುತ್ತದೆ, ತೆಳ್ಳಗಾಗುತ್ತದೆ, ಒಂದು ಕಡೆಗೆ ತಿರುಗಿದಾಗ ಸಾಯುತ್ತದೆ. ತಿರುಗಿಸು. ಇನ್ನೂ ಸ್ವಲ್ಪ ಈ ಕಡೆ. ಯಾರೂ ಇಷ್ಟು ಹೊತ್ತು ತನ್ನ ಕಡೆಗೆ ತಿರುಗಿದ್ದಿಲ್ಲ ಎಂದು ಅನಿಸಿ ಅವಳಿಗೆ ಕಣ್ಣು ತುಂಬಿತು, ಬೆರಳ ತುದಿ ಬೆಳ್ಳಗಾಗಿ ಜೋಮು ಹಿಡಿಯಿತು, ಆದರೂ ಬಿಡಲಿಲ್ಲ, ಜೋಮೇ ಬಿಡಿಸುವ ತನಕ.

ಬಿಟ್ಟಾಗ ಕಪ್ಪೆ ಕೂಗುತ್ತಿತ್ತು. "ಸಿಕ್ತು ಪಾಕ್! ನನ್ನ ಬಳೆ ಮಸೀದಿ ಹಿಂದೆ ತೋರಿಸ್ತಿದೆ! ಗಂತಿ!" ಪಾಕ್ ದಿರ್ಜೊ ನಿಧಾನವಾಗಿ, ರೈಲು ಬರುವ ಹೊತ್ತು ಹೇಳುವ ಹಾಗೆ, "ನಂದೂ ಅಲ್ಲೇ ಕೂಡುತ್ತೆ. ಬ್ಯಾಟರಿ ಅಂಗಡಿಯವರ ಮನೆಯ ಓಣಿ. ಕೆಲಾನಾ, ನಿನ್ನ ಬಳೆ ಯಾವ ಕಡೆ ತೋರಿಸ್ತು? ಗಂತಿ." ಆ ಬಿಡುವಿನಲ್ಲಿ ಬಂದದ್ದು ಕೆಲಾನಾ ಅಲ್ಲ, ಚೆಂಪಾಕ, ಟೀಚರ್ ದನಿಯಲ್ಲಿ. "ಪಾಕ್, ಬೇಟೆ ಸಾಕು. ಅವರು ಬ್ರೇಕ್ ಅಂದ್ರು, ನಾನು ಬನ್ನಿ ಅಂದೆ. ಬಾ ಅಂತ ಕರೆದೋರನ್ನ ಬೇಟೆ ಆಡೋ ಪದ್ಧತಿ ಇದೆಯಾ ನಮ್ಮಲ್ಲಿ? ಗಂತಿ." "ಇಲ್ಲ," ಎಂದರು ಪಾಕ್ ದಿರ್ಜೊ. "ಇಲ್ಲ. ಅದು ಸರಿ. ಎಲ್ಲರೂ ಹದಿನೈದಕ್ಕೆ ವಾಪಸ್ ಹೋಗಿ. ಕಪ್ಪೆ, ನಿನ್ನನ್ನೂ ಸೇರಿಸಿ ಹೇಳ್ತಿರೋದು." "ಅಯ್ಯೋ ಪಾಕ್, ಬಾಯಿಗೆ ಬಂದ ತುತ್ತು!" "ಹೋಗಯ್ಯಾ." ಒಬ್ಬೊಬ್ಬರೇ ಬಾಗಿಲು ದಾಟಿದ ಹಾಗೆ ಮುಳ್ಳು ಏರಿ ಏರಿ ಇಳಿಯಿತು. ಕೊನೆಗೆ ಚೆಂಪಾಕ, "ಮಾಸ್ ಕೆಲಾನಾ, ನನ್ನ ಮಾತು ವಾಪಸ್ ತಗೊಂಡೆ, ಕ್ಷಮಿಸಿ. ಆ ಇನ್ನೊಬ್ರಿಗೆ... ಬಲಗೈ ಇನ್ನೂ ಪೂರ್ತಿ ಆಡಲ್ಲಮ್ಮ. ನಾಳೆ ಕೇಳು, ಹೇಳ್ತೀನಿ" ಎಂದು ಹೋದಳು. ಮೂಲೆ ಖಾಲಿಯಾಯಿತು.

ಆಮೇಲೆ ಕಿಟಕಿಯ ಹೊರಗೆ ಮೋಟಾರ್ ಸೈಕಲ್ಲಿನ ಸದ್ದು. ಬಂದು, ನಿಂತು, ಆರಿತು. ಸ್ಟ್ಯಾಂಡ್ ಹಾಕಿದ ಸದ್ದು ಬರಲಿಲ್ಲ. ಮುರ್ನಿ ಪರದೆಯ ಅಂಚನ್ನು ಒಂದು ಬೆರಳಷ್ಟು ಸರಿಸಿದಳು. ಅವನು ಗಾಡಿಯ ಮೇಲೇ ಕೂತಿದ್ದ, ಎರಡೂ ಕಾಲು ನೆಲಕ್ಕೆ ಕೊಟ್ಟು, ಮನೆಗೆ ಬೆನ್ನು ಮಾಡಿ. ಬಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿದಿರಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಕುತ್ತಿಗೆಯ ಹಿಂದೆ ಬೆವರಿಗೆ ಅಂಟಿದ ಕೂದಲು. ಒಳಗೆ ಬರುತ್ತಾನೆ, ಎಂದುಕೊಂಡಳು. ಬಂದರೆ ಅವನು ವರ್ಸಿತೊ, ತಾನು ಮುರ್ನಿ. ಅವನು ಏನೇ ಇದು ಅನ್ನುತ್ತಾನೆ, ತಾನು ಟೀ ಮಾಡಲಾ ಅನ್ನುತ್ತಾಳೆ, ಎಲ್ಲ ಮುಗಿಯುತ್ತದೆ. ಅವನಿಗೂ ಅದೇ ಅನಿಸಿರಬೇಕು. ಅವನು ಬೇಟೆಗೆ ಒಯ್ದಿದ್ದ ಪುಟ್ಟ ಕೈಸೆಟ್ಟನ್ನು ಬಾಯಿಗೆ ಹಿಡಿದ. ದನಿ ಎರಡು ಕಡೆಯಿಂದ ಬಂತು, ಕಿಟಕಿಯಿಂದ ಮೆಲ್ಲಗೆ, ಸೆಟ್ಟಿನಿಂದ ತಗಡು ಹರಿದಂತೆ. ಮುಳ್ಳು ಕೊನೆಗೆ ಬಡಿದು ಅಲ್ಲೇ ನಡುಗಿತು.

"ಬ್ರೇಕ್," ಎಂದ ಅವನು.

ಅವಳು ಗುಂಡಿ ಒತ್ತಿದಳು. "ಬನ್ನಿ. ಗಂತಿ." ಆ ಪದ ತನ್ನ ಬಾಯಿಂದ ಬಂದದ್ದು ಅದೇ ಮೊದಲು.

"ಕೆಲಾನಾ ಮಾತಾಡ್ತಿರೋದು. ನಿಮ್ಮ..." ಎಂದ. ಆಮೇಲಿನದು ಚೂರುಚೂರಾಗಿ ಬಂತು, ಗಾಜು ಗುಡಿಸಿದ ಹಾಗೆ. ಆದರೆ ನಿಮ್ಮ ಎಂಬುದು ಕೇಳಿತ್ತು. ಹದಿನಾರು ವರ್ಷ ನೀನು, ನಿಂಗೆ, ನಿಂದು. ಗಾಳಿಯಲ್ಲಿ ಗುರುತಿಲ್ಲದವರಿಗೆ ಕೊಡುವ ಮರ್ಯಾದೆಯನ್ನು ಅವನು ಕೊಟ್ಟಿದ್ದ. ಕಿಟಕಿಗೆ ಕಿವಿ ಕೊಟ್ಟರೆ ಉಳಿದದ್ದೂ ಕೇಳಿಸುತ್ತಿತ್ತು, ನಾಲ್ಕು ಹೆಜ್ಜೆ. ಅವಳು ಕಿಟಕಿಯಿಂದ ಹಿಂದೆ ಸರಿದು, ಪರದೆ ಬಿಟ್ಟು, ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೆಲಾನಾ, ತುಂಬ ಹತ್ರ ಇದೀರಿ. ಮಾತು ಒಡೀತಿದೆ. ಸ್ವಲ್ಪ ದೂರ ಹೋಗಿ. ಗಂತಿ."

ಕಿಕ್ ಹೊಡೆದ ಸದ್ದು, ಒಂದು, ಎರಡು, ಮೂರನೆಯದಕ್ಕೆ ಗಾಡಿ ಹೊತ್ತಿಕೊಂಡಿತು. ಓಣಿಯಲ್ಲಿ ಸದ್ದು ಹೋಗುವುದನ್ನು ಅವಳು ಉಸಿರು ಹಿಡಿದು ಕೇಳಿದಳು, ಪಂಜರದ ಹಕ್ಕಿ ಬೆದರಿ ಕಿಚಗುಟ್ಟಿತು, ಮಸೀದಿಯ ತಿರುವು, ಆಮೇಲೆ ಏನೂ ಇಲ್ಲ. ಮುಳ್ಳು ಮಲಗಿತ್ತು. ಹೋಗಿಯೇ ಬಿಟ್ಟನೇ? ಅಂಗಡಿಗೆ ಹೋಗಿ ಶಟರ್ ಎಳೆದುಕೊಂಡನೇ?

"ಈಗ? ಗಂತಿ." ಅವನ ದನಿಯಲ್ಲಿ ಇನ್ನೂ ಬಿರುಕು.

"ಇನ್ನೂ ಸ್ವಲ್ಪ. ಗಂತಿ."

ಸುಂಯ್. ತುಂಬ ಹೊತ್ತು ಸುಂಯ್. ಆಮೇಲೆ ಮುಳ್ಳು ಮೆಲ್ಲಗೆ ಎದ್ದು ನಡುವಿನಲ್ಲಿ ನಿಂತಿತು. ಅವನ ಹಿಂದೆ ರೈಲ್ವೆ ಗೇಟಿನ ಗಂಟೆ ಕೇಳಿಸುತ್ತಿತ್ತು, ಅದರ ಮುಂದೆ ಅವನ ದನಿ, ಒಂದೂ ಬಿರುಕಿಲ್ಲದೆ.

"ಈಗ ಹೇಗಿದೆ, ಹೇಳಿ. ಇಲ್ಲಿ ಗೇಟು ಹಾಕಿದಾರೆ, ಎಲ್ಲರೂ ನಿಂತಿದಾರೆ. ಒಬ್ಬ ಹೆಗಲ ಮೇಲೆ ಕನ್ನಡಿ ಹೊತ್ಕೊಂಡಿದಾನೆ, ಅದರೊಳಗೆ ಇಡೀ ಬೆಟ್ಟ ಇದೆ. ನಿಮಗೆ ಕೇಳಿಸ್ತಿದೆಯಾ? ಗಂತಿ."

"ಕೇಳಿಸ್ತಿದೆ," ಎಂದಳು ಮುರ್ನಿ. "ಚೆನ್ನಾಗಿ ಕೇಳಿಸ್ತಿದೆ. ಅಲ್ಲೇ ಇರಿ. ಗಂತಿ."